ಮೂವರು ಮೈಯರ್‌ಗಳು, ಮೂರು ಸ್ಪೆಲ್ಲಿಂಗು: ಇವರೆಲ್ಲ ನೆಂಟರಾ?

ಪ್ರಶ್ನೆ: ಮ್ಯೂನಿಕ್‌ನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಟೀಮಿನಲ್ಲಿ ಮೂವರು 'ಮೈಯರ್' ಇದ್ದಾರೆ. ಒಬ್ಬರದು ಎಂ-ಎ-ಐ-ಇ-ಆರ್, ಇನ್ನೊಬ್ಬರದು ಎಂ-ಇ-ವೈ-ಇ-ಆರ್, ಮತ್ತೊಬ್ಬರದು ಎಂ-ಎ-ವೈ-ಆರ್. ಈ ಹೆಸರಿನ ಅರ್ಥವೇನು? ಒಂದೇ ವಂಶದವರೇ?

ಉತ್ತರ: ಒಂದೇ ವಂಶ ಅಂತ ಹೆಸರು ನೋಡಿ ಹೇಳಲು ಬರುವುದಿಲ್ಲ. ಮೂಲ ಲ್ಯಾಟಿನ್ನಿನ 'ಮಾಯೋರ್', ಅಂದರೆ ದೊಡ್ಡವನು. ನಮ್ಮ ನಗರಪಾಲಿಕೆಯ ಮೇಯರ್ ಕೂಡ ಇದೇ ಬೇರಿನಿಂದ ಬಂದವರು! ಮಧ್ಯಯುಗದ ಜರ್ಮನಿಯಲ್ಲಿ ಮಠಗಳಿಗೆ, ಶ್ರೀಮಂತ ಒಡೆಯರಿಗೆ ಊರೂರಲ್ಲಿ ಜಮೀನಿತ್ತು. ಅದನ್ನು ನೋಡಿಕೊಂಡು, ರೈತರಿಂದ ಗೇಣಿ ವಸೂಲಿ ಮಾಡಿ ಒಡೆಯನಿಗೆ ಮುಟ್ಟಿಸುವವನೇ ಮೈಯರ್. ಹೆಚ್ಚುಕಡಿಮೆ ನಮ್ಮ ಹಳೇ ಕಾಲದ ಪಟೇಲನ ಹಾಗೆ. ಆಮೇಲೆ ದೊಡ್ಡ ಜಮೀನನ್ನು ಗೇಣಿಗೆ ಹಿಡಿದ ರೈತನಿಗೂ ಅದೇ ಹೆಸರು ಅಂಟಿತು. ಅಂಥವರು ಊರಿಗೊಬ್ಬರಾದರೂ ಇದ್ದೇ ಇರುತ್ತಿದ್ದರು, ಅಲ್ವಾ? ಅದಕ್ಕೇ ಈ ಹೆಸರು ಇಷ್ಟು ಜಾಸ್ತಿ. ಗೊಂದಲ ಆಗಬಾರದು ಅಂತ ಓಬರ್‌ಮೈಯರ್ (ಮೇಲಿನವನು), ನೀಡರ್‌ಮೈಯರ್ (ಕೆಳಗಿನವನು), ಬಾಖ್‌ಮೈಯರ್ (ಹಳ್ಳದ ಪಕ್ಕದವನು) ಅಂತೆಲ್ಲ ಹೆಸರಿನ ಮೊದಲಿಗೆ ಒಂದು ಪದ ಸೇರಿಸಿದರು.

ಸ್ಪೆಲ್ಲಿಂಗ್ ವ್ಯತ್ಯಾಸಕ್ಕೆ ಕಾರಣ ಚರ್ಚಿನ ದಾಖಲೆ ಪುಸ್ತಕ. ಪಾದ್ರಿ ಕಿವಿಗೆ ಕೇಳಿದಂತೆ ಬರೆಯುತ್ತಿದ್ದ. ಒಂದೇ ಮನೆಯ ಅಣ್ಣತಮ್ಮಂದಿರ ಹೆಸರು ಬೇರೆ ಬೇರೆ ಥರ ದಾಖಲಾಗುವುದೂ ಇತ್ತು. 1876ರಲ್ಲಿ ಇಡೀ ಜರ್ಮನ್ ಸಾಮ್ರಾಜ್ಯದಲ್ಲಿ ಜನನ, ಮರಣ, ಮದುವೆಗಳ ಸರ್ಕಾರಿ ನೋಂದಣಿ ಶುರುವಾದ ಮೇಲೆ ಅಕ್ಷರಗಳು ಗಟ್ಟಿಯಾಗಿ ನಿಂತವು. ಸುಮಾರಾಗಿ ಹೇಳುವುದಾದರೆ ಇ-ವೈ ಉತ್ತರದ ಕಡೆಯದು. ಎಂ-ಎ-ವೈ-ಆರ್ ದಕ್ಷಿಣ ಜರ್ಮನಿಯ ಬವೇರಿಯಾ, ಆಸ್ಟ್ರಿಯಾ ಕಡೆಯದು. ಜೀವವಿಜ್ಞಾನಿ ಅರ್ನ್ಸ್ಟ್ ಮೈರ್ ಹಾಗೇ ಬರೆಯುತ್ತಿದ್ದರು, ಹುಟ್ಟಿದ್ದು ಬವೇರಿಯಾದ ಕೆಂಪ್ಟನ್‌ನಲ್ಲಿ.

ಇನ್ನೂ ಒಂದು ತಿರುವಿದೆ. ಯಹೂದಿ ಕುಟುಂಬಗಳಲ್ಲಿ ಇದೇ ಹೆಸರು ಹೀಬ್ರೂವಿನ 'ಮೇಯಿರ್'ನಿಂದ ಬಂದಿರಬಹುದು. ಬೆಳಕು ಕೊಡುವವನು ಅಂತ ಅದರ ಅರ್ಥ. ಜಮೀನಿಗೂ ಅದಕ್ಕೂ ಸಂಬಂಧವೇ ಇಲ್ಲ. ಮುಂದೆ ಇಸ್ರೇಲಿನ ಪ್ರಧಾನಿಯಾದ ಗೋಲ್ಡಾ ಮೇಯರ್‌ಸನ್ 1956ರಲ್ಲಿ ಗೋಲ್ಡಾ ಮೇಯಿರ್ ಆದದ್ದು ಈ ಹೀಬ್ರೂ ರೂಪಕ್ಕೆ.

ವಾಯವ್ಯ ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಂತೂ ಹೆಸರು ಮನೆತನಕ್ಕಿಂತ ಜಮೀನಿಗೆ ಅಂಟಿಕೊಂಡಿತ್ತು. ಮನೆ ಅಳಿಯನಾಗಿ ಬಂದವನು ತನ್ನ ಹೆಸರು ಬಿಟ್ಟು ಆ ಜಮೀನಿನ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದ. ಹಾಗಾಗಿ ಸ್ಪೆಲ್ಲಿಂಗ್ ಒಂದೇ ಇದ್ದರೂ ರಕ್ತಸಂಬಂಧ ಇದೆ ಅನ್ನುವಂತಿಲ್ಲ. ನೆಂಟಸ್ತಿಕೆ ತಿಳಿಯಬೇಕೆಂದರೆ ಅಜ್ಜನ ಊರು ಯಾವುದು ಅಂತ ಕೇಳಿ, ಆ ಊರಿನ ಚರ್ಚ್ ದಾಖಲೆ ನೋಡಬೇಕು. 

ಮೇಲ್ ಬರೆಯುವಾಗ ಮಾತ್ರ ಊಹೆ ಬೇಡ, ಅವರ ಸಹಿಯಲ್ಲಿರುವುದನ್ನೇ ನಕಲು ಮಾಡಿ. ಜರ್ಮನ್ನರೇ ಫೋನಿನಲ್ಲಿ 'ಮೈಯರ್, ಮಿಟ್ ಯುಪ್ಸಿಲಾನ್' (ವೈ ಇರುವ ಮೈಯರ್) ಅಂತ ಬಿಡಿಸಿ ಹೇಳುತ್ತಾರೆ.