ಪ್ರತಿಕ್ರಿಯೆ: ಹೊಸ ಕಾರ್ಡೇ, ಹಳೆಯದರ ತಿದ್ದುಪಡಿಯೇ?

ನಮಸ್ಕಾರ. ಜಾನಪದ ಕಥೆಗಳನ್ನು ಆಧರಿಸಿ ಮೂವರೇ ಸೇರಿ ಕಾರ್ಡ್ ಆಟ ರೂಪಿಸಿರುವ ನೀವು, ಪ್ರತಿ ಅಪ್‌ಡೇಟ್‌ನಲ್ಲೂ ಹೊಸ ಕಾರ್ಡ್‌ಗಳನ್ನು ಸೇರಿಸಬೇಕೇ ಅಥವಾ ಇರುವುದನ್ನೇ ತಿದ್ದಬೇಕೇ ಎಂದು ಕೇಳಿದ್ದೀರಿ. ತಿದ್ದುವುದಕ್ಕೇ ಮೊದಲ ಆದ್ಯತೆ ಕೊಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡು ಕಾರ್ಡ್‌ಗಳು ಜೊತೆಯಾದಾಗ ಆಟದ ಸಮತೋಲನ ಕೆಡುತ್ತದೆಯೇ ಎಂದು ನೋಡಬೇಕಲ್ಲವೇ? 60 ಕಾರ್ಡ್‌ಗಳಿದ್ದರೆ ಎರಡೆರಡರ ಜೋಡಿಗಳೇ 1,770 ಆಗುತ್ತವೆ. ಇನ್ನು ಹತ್ತನ್ನು ಸೇರಿಸಿದರೆ 645 ಹೊಸ ಜೋಡಿಗಳನ್ನು ಪರೀಕ್ಷಿಸಬೇಕಾಗುತ್ತದೆ. ಮೂವರಿಗೆ ಇದು ಸಣ್ಣ ಹೊರೆಯಲ್ಲ.

ರಷ್ಯಾದ ಪೆರ್ಮ್ ನಗರದ ಮೊರ್ತೆಷ್ಕಾ ಎಂಬ ಸಣ್ಣ ತಂಡ 2021ರಲ್ಲಿ ಬಿಡುಗಡೆ ಮಾಡಿದ ‘ಬ್ಲ್ಯಾಕ್ ಬುಕ್’ ಎಂಬ ಕಾರ್ಡ್ ಆಧಾರಿತ ಆಟವನ್ನು ದಯವಿಟ್ಟು ಆಡಿ ನೋಡಿ. 19ನೇ ಶತಮಾನದ ಚೆರ್ಡಿನ್ ಪ್ರದೇಶದ ನಂಬಿಕೆಗಳೇ ಅದರ ಜೀವಾಳ. ಮಾಟ ಬಲ್ಲವರ ಕೈಕೆಳಗಿನ ಕಿರುದೆವ್ವಗಳಿಗೆ ಸದಾ ಕೆಲಸ ಕೊಡುತ್ತಿರಬೇಕು, ಇಲ್ಲವಾದರೆ ಅವು ಒಡೆಯರನ್ನೇ ಕಾಡುತ್ತವೆ ಎಂಬುದು ಅಲ್ಲಿನ ನಂಬಿಕೆ. ಆಟದಲ್ಲಿ ಅವುಗಳನ್ನು ಜನರಿಗೆ ಕೇಡು ಮಾಡಲು ಕಳುಹಿಸಿದರೆ ನಾಯಕಿ ವಾಸಿಲಿಸಾಳ ಪಾಪ ಹೆಚ್ಚುತ್ತದೆ, ಸುಮ್ಮನೆ ಕೂರಿಸಿದರೆ ಅವಳಿಗೇ ತೊಂದರೆಯಾಗುತ್ತದೆ. ನಂಬಿಕೆಯೇ ನಿಯಮವಾಗಿರುವ ಈ ಹೆಣಿಗೆ ನನಗೆ ಬಹಳ ಮೆಚ್ಚುಗೆಯಾದದ್ದು.

ಆದ್ದರಿಂದ ಒಂದು ಕಾರ್ಡ್ ಅತಿ ಪ್ರಬಲವಾಗಿದೆ ಎಂದು ಆಟಗಾರರು ದೂರಿದಾಗ, ಕಥೆಯಿಂದ ಬಂದ ನಿಯಮವನ್ನು ಮುಟ್ಟದೆ, ಮೊದಲು ಆಟದಲ್ಲಿ ಅದನ್ನು ಬಳಸಲು ತೆರಬೇಕಾದ ಬೆಲೆಯನ್ನೋ ಅದು ಎದುರಾಳಿಗೆ ಮಾಡುವ ಹಾನಿಯ ಅಂಕಿಯನ್ನೋ ಬದಲಿಸಿ. ಒಂದು ಸಲಕ್ಕೆ ಕೆಲವನ್ನಷ್ಟೇ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಗುರುತಿಸಬಹುದು. ಪ್ರತಿ ಕಾರ್ಡ್‌ಗೂ ಎಂದೂ ಬದಲಾಗದ ಒಂದು ಗುರುತುಸಂಖ್ಯೆ ಕೊಟ್ಟು, ಆಟಗಾರರ ಆಟ ಎಲ್ಲಿಯವರೆಗೆ ಬಂದಿದೆ ಎಂದು ಉಳಿಸಿಡುವ ಸೇವ್ ಫೈಲ್‌ನಲ್ಲಿ ಹೆಸರಿನ ಬದಲು ಅದನ್ನೇ ದಾಖಲಿಸಿ. ಮುಂದೆ ಕಾರ್ಡ್‌ನ ಹೆಸರು ಬದಲಾದರೂ ಆಟಗಾರರ ಹಳೆಯ ಆಟ ಕೆಡುವುದಿಲ್ಲ.