ಘಾಟಿ ದಾರಿಗೆ ಸ್ಕೂಟರೋ, ಬೈಕೋ?

ಪ್ರಶ್ನೆ: ಮಗಳಿಗೆ ಹೆಬ್ರಿಯಲ್ಲಿ ಕೆಲಸ ಸಿಕ್ಕಿದೆ. ದಿನವೂ ಆಗುಂಬೆ ಘಾಟಿ ಇಳಿದು ಹತ್ತಬೇಕು. ಎರಡೂ ಓಡಿಸಬಲ್ಲಳು, ಆದರೆ ಸ್ಕೂಟರೇ ಇಷ್ಟ. ಚಿಕ್ಕ ಚಕ್ರದ ಗಾಡಿ ಅಪಾಯವೆಂದು ಮನೆಯವರ ಹೆದರಿಕೆ. ಯಾವುದನ್ನು ಕೊಡಿಸಲಿ?
– ಓದುಗರೊಬ್ಬರು, ಆಗುಂಬೆ

ಉತ್ತರ: ಪೇಟೆಯೊಳಗಿನ ಓಡಾಟವಾಗಿದ್ದರೆ ಸ್ಕೂಟರ್ ಸಾಕು ಎನ್ನುತ್ತಿದ್ದೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆ ಘಾಟಿಗಾದರೆ ಬೈಕೇ ಲೇಸು.

ಮನೆಯವರ ಹೆದರಿಕೆ ನಿರಾಧಾರವಲ್ಲ. ಸಾಮಾನ್ಯ ಸ್ಕೂಟರಿನ ಚಕ್ರ 10 ಅಥವಾ 12 ಇಂಚಿನದು, ಬೈಕಿನದು 17 ಅಥವಾ 18 ಇಂಚಿನದು. ಮಳೆನೀರು ತುಂಬಿ ಆಳ ಕಾಣದ ಗುಂಡಿಯ ಮೇಲೆ ದೊಡ್ಡ ಚಕ್ರ ಉರುಳಿಕೊಂಡು ದಾಟಿಬಿಡುವಲ್ಲಿ ಚಿಕ್ಕ ಚಕ್ರ ಒಳಗಿಳಿದು ಅಂಚಿಗೆ ಬಡಿಯುತ್ತದೆ, ಆ ಹೊಡೆತಕ್ಕೆ ಹ್ಯಾಂಡಲ್ ಕೈಯಿಂದ ತಿರುಚಿಕೊಳ್ಳುತ್ತದೆ. ಬೈಕಿನಲ್ಲಿ ಮೊಣಕಾಲುಗಳಿಂದ ಟ್ಯಾಂಕನ್ನು ಒತ್ತಿ ಹಿಡಿದು ಮೈಯನ್ನು ಸ್ಥಿರವಾಗಿಟ್ಟುಕೊಳ್ಳಬಹುದು. ಸ್ಕೂಟರಿನಲ್ಲಿ ಆ ಆಸರೆಯಿಲ್ಲ.

ಆದರೆ ನನ್ನ ನಿಜವಾದ ಚಿಂತೆ ಇಳಿಜಾರಿನದು. ಬೈಕನ್ನು ಎರಡನೇ ಗೇರಿನಲ್ಲಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದು ನಿಧಾನಿಸುತ್ತದೆ, ಬ್ರೇಕಿನ ಮೇಲಿನ ಹೊರೆ ಇಳಿಯುತ್ತದೆ. ಗೇರಿಲ್ಲದ ಪೆಟ್ರೋಲ್ ಸ್ಕೂಟರಿನಲ್ಲಿ ಆ ಹಿಡಿತ ಬಹಳ ಕಡಿಮೆ. ಇಡೀ ಘಾಟಿಯನ್ನು ಬ್ರೇಕಿನಿಂದಲೇ ಇಳಿಯಬೇಕಾಗುವುದರಿಂದ ಡ್ರಮ್ ಕಾದು, ಲಿವರ್ ಎಷ್ಟು ಒತ್ತಿದರೂ ಗಾಡಿ ಮೊದಲಿನಂತೆ ನಿಲ್ಲದ ಸ್ಥಿತಿ ಬರಬಹುದು. ಪೆಟ್ರೋಲ್ ಉಳಿಸಲೆಂದು ಎಂಜಿನ್ ಆರಿಸಿಕೊಂಡು ಇಳಿಯುವವರಿದ್ದಾರೆ. ದಯವಿಟ್ಟು ಮಗಳಿಗೆ ಆ ಅಭ್ಯಾಸ ಬೇಡ.

ಇನ್ನು ಬ್ರೇಕು. 125 ಸಿಸಿ ಮೀರಿದ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಗಿದೆ. ಒದ್ದೆ ರಸ್ತೆಯಲ್ಲಿ ಗಾಬರಿಯಿಂದ ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ಅದು ತಡೆಯುತ್ತದೆ. ಆಗುಂಬೆಯ ಮಳೆಯನ್ನು ನಿಮಗೆ ನಾನು ವರ್ಣಿಸಬೇಕಿಲ್ಲ. ಸಾಧ್ಯವಾದರೆ ಎಬಿಎಸ್ ಇರುವ, ಆಕೆ ಎರಡೂ ಪಾದ ನೆಲಕ್ಕೂರಿ ನಿಲ್ಲಬಹುದಾದಷ್ಟು ಎತ್ತರದ ಬೈಕನ್ನೇ ಆರಿಸಿರಿ. ಯಾವ ಗಾಡಿಯಾದರೂ ಐಎಸ್‌ಐ ಗುರುತಿನ ಹೆಲ್ಮೆಟ್ಟಿನ ಪಟ್ಟಿ ಗಲ್ಲದ ಕೆಳಗೆ ಬಿಗಿದಿರಲಿ, ದುಪಟ್ಟಾ ಚಕ್ರಕ್ಕೆ ಸಿಗದಂತೆ ಕಟ್ಟಿಕೊಂಡಿರಲಿ.

ಸ್ಕೂಟರೇ ಬೇಕೆಂದು ಮಗಳು ಪಟ್ಟು ಹಿಡಿದರೆ, ಎರಡೂ ಕಡೆ 12 ಇಂಚಿನ ಚಕ್ರ ಮತ್ತು ಮುಂದೆ ಡಿಸ್ಕ್ ಬ್ರೇಕ್ ಇರುವುದನ್ನು ಕೊಡಿಸಿರಿ. ಬ್ರೇಕನ್ನು ಒಂದೇ ಸಮನೆ ಒತ್ತಿಕೊಂಡಿರದೆ ತಿರುವಿಗೆ ಮೊದಲೇ ವೇಗ ತಗ್ಗಿಸುವುದನ್ನೂ, ಬ್ರೇಕ್ ಸಡಿಲವೆನಿಸಿದ ಕೂಡಲೇ ಅಗಲವಾದ ಜಾಗದಲ್ಲಿ ನಿಲ್ಲಿಸಿ ಆರಲು ಬಿಡುವುದನ್ನೂ, ಮೊದಲ ವಾರ ನೀವೇ ಜೊತೆಗೆ ಹೋಗಿ ರೂಢಿ ಮಾಡಿಸಿರಿ.