ಸೆಟರ್ ಯಾವಾಗ ಬೇಕು, ಯಾವಾಗ ಬೇಡ?

ಪ್ರಶ್ನೆ: ನಾನು ಗದಗಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಬ್ಯಾಡಗಿಯಲ್ಲಿರುವ ನಮ್ಮ ತಂದೆಯವರ ದಲಾಲಿ ಅಂಗಡಿಯ ಮೆಣಸಿನಕಾಯಿ ಲೆಕ್ಕಕ್ಕಾಗಿ ಜಾವಾದಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೇನೆ. ಪ್ರತಿ ಫೀಲ್ಡನ್ನೂ (ತೂಕ, ದರದಂಥ ಮಾಹಿತಿ ಇಡುವ ಜಾಗ) ಹೊರಗಿನ ಕೋಡ್ ನೇರವಾಗಿ ಮುಟ್ಟದಂತೆ ಪ್ರೈವೇಟ್ ಮಾಡಿ, ಅದನ್ನು ಓದಿ ಕೊಡುವ ಗೆಟರ್, ಬದಲಿಸುವ ಸೆಟರ್ ಎಂಬ ಮೆಥಡ್ (ಒಂದು ಕೆಲಸ ಮಾಡುವ ಕೋಡ್ ತುಣುಕು) ಬರೆಯಬೇಕೆಂದು ನಮ್ಮ ಸರ್ ಹೇಳುತ್ತಾರೆ. ಸೆಟರ್ ಕೊಟ್ಟದ್ದನ್ನು ಹಾಗೆಯೇ ಫೀಲ್ಡಿಗೆ ಹಾಕುವುದಾದರೆ, ಫೀಲ್ಡನ್ನೇ ಪಬ್ಲಿಕ್ ಮಾಡಿದರೆ ತಪ್ಪೇನು?

ಉತ್ತರ: ನಿಮ್ಮ ಸಂದೇಹ ಸರಿಯಾಗಿಯೇ ಇದೆ. ಕೊಟ್ಟದ್ದನ್ನೆಲ್ಲ ಒಳಗೆ ಬಿಡುವ ಸೆಟರ್‌ನಿಂದ ಇವತ್ತಿನ ಮಟ್ಟಿಗೆ ಯಾವ ಲಾಭವೂ ಇಲ್ಲ. ಆದರೆ ತಕ್ಕಡಿಯ ಮುಂದೆ ಕುಳಿತವರು ಅವಸರದಲ್ಲಿ 42.5 ಕಿಲೋ ಎಂಬುದನ್ನು ಚುಕ್ಕೆ ಬಿಟ್ಟು 425 ಎಂದು ಒತ್ತಿದರೆನ್ನಿ. ಕ್ವಿಂಟಲ್‌ಗೆ 30,000 ರೂಪಾಯಿ ದರವಿದ್ದರೆ 12,750 ರೂಪಾಯಿಯ ಚೀಲ 1,27,500 ರೂಪಾಯಿಯದಾಗುತ್ತದೆ. ಪಬ್ಲಿಕ್ ಫೀಲ್ಡು ಇದನ್ನು ಸುಮ್ಮನೆ ಒಪ್ಪಿಕೊಳ್ಳುತ್ತದೆ. 60 ಕಿಲೋ ಮೀರಿದ ಚೀಲ ನಿಮ್ಮ ಅಂಗಡಿಗೆ ಬರುವುದೇ ಇಲ್ಲವೆಂದಾದರೆ ಆ ಷರತ್ತನ್ನು ಸೆಟರ್‌ನಲ್ಲಿ ಬರೆದು, ಮೀರಿದಾಗ ಎಕ್ಸೆಪ್ಶನ್ ಎಸೆಯಬಹುದು, ಅಂದರೆ ದೋಷವೆಂದು ಸೂಚಿಸಿ ಅಲ್ಲಿಯೇ ತಡೆಯಬಹುದು. ತೂಕ ಪರದೆಯಿಂದ ಬರಲಿ, ಫೈಲಿನಿಂದ ಬರಲಿ, ತಪಾಸಣೆ ಒಂದೇ ಕಡೆ ನಡೆಯುತ್ತದೆ.

ಗೆಟರ್‌ಗೂ ಇಂಥದೇ ಬಲವಿದೆ. ಒಟ್ಟು ತೂಕದಲ್ಲಿ ಖಾಲಿ ಗೋಣಿಯ ತೂಕ ಕಳೆದರೆ ಬರುವ ನಿವ್ವಳ ತೂಕಕ್ಕೆ ಪ್ರತ್ಯೇಕ ಫೀಲ್ಡೇ ಬೇಕಿಲ್ಲ. ಗೆಟರ್ ಕೇಳಿದಾಗ ಲೆಕ್ಕ ಹಾಕಿ ಕೊಟ್ಟರೆ ಸಾಕು, ಎರಡು ಅಂಕಿಗಳು ತಾಳೆಯಾಗದೆ ಉಳಿಯುವ ಭಯವೇ ಇರುವುದಿಲ್ಲ.

ಆದರೂ ಪ್ರತಿ ಫೀಲ್ಡಿಗೂ ಸೆಟರ್ ಇರಬೇಕೆಂಬ ಮಾತನ್ನು ನಾನು ಒಪ್ಪುವುದಿಲ್ಲ. ರೈತರ ಹೆಸರು, ಲಾಟ್ (ಒಟ್ಟಿಗೆ ಮಾರುವ ಚೀಲಗಳ ಗುಂಪು) ಸಂಖ್ಯೆ ಒಮ್ಮೆ ಬರೆದ ಮೇಲೆ ಬದಲಾಗುವಂಥವಲ್ಲ. ಅವನ್ನು ಲಾಟ್ ಸೃಷ್ಟಿಯಾಗುವಾಗ ನಡೆಯುವ ಕನ್‌ಸ್ಟ್ರಕ್ಟರ್‌ನಲ್ಲಿ ತೆಗೆದುಕೊಂಡು, ಮತ್ತೆ ಬದಲಿಸಲಾಗದಂತೆ ಫೈನಲ್ ಎಂದು ಘೋಷಿಸಿ. ಮಾರಾಟದ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ದರಕ್ಕೊಂದು, ಖರೀದಿದಾರರಿಗೊಂದು, ಮಾರಾಟವಾಯಿತೆಂಬ ಗುರುತಿಗೊಂದು ಎಂದು ಮೂರು ಸೆಟರ್ ಇಟ್ಟರೆ, ಒಂದನ್ನು ಕರೆದು ಇನ್ನೊಂದನ್ನು ಮರೆತ ದಿನ ದರವೇ ಇಲ್ಲದೆ ಮಾರಾಟವಾದ ಲಾಟ್ ನಿಮ್ಮ ಖಾತೆಯಲ್ಲಿ ಕುಳಿತಿರುತ್ತದೆ. ಅದರ ಬದಲು ದರವನ್ನೂ ಖರೀದಿದಾರರನ್ನೂ ಒಟ್ಟಿಗೆ ಪಡೆಯುವ ‘ಮಾರು’ ಎಂಬ ಒಂದೇ ಮೆಥಡ್ ಬರೆಯಿರಿ. ಅಂಗಡಿಯಲ್ಲಿ ನಡೆಯುವುದೂ ಹಾಗೆಯೇ ಅಲ್ಲವೇ?

ಹಲವರು ಗಮನಿಸದ ಇನ್ನೊಂದು ಸಂಗತಿ: ಲಾಟ್‌ನೊಳಗಿನ ಚೀಲಗಳ ಪಟ್ಟಿಯನ್ನು ಗೆಟರ್ ನೇರವಾಗಿ ಹಿಂತಿರುಗಿಸಿದರೆ, ಪಡೆದವರು ಅದೇ ಪಟ್ಟಿಗೆ ಹೊಸ ಚೀಲ ಸೇರಿಸಬಹುದು, ಫೀಲ್ಡು ಪ್ರೈವೇಟ್ ಆಗಿದ್ದೂ ವ್ಯರ್ಥ. ಜಾವಾ 10ರಿಂದ ಇರುವ ‘ಲಿಸ್ಟ್.ಕಾಪಿಆಫ್’ ಬಳಸಿ ಬದಲಿಸಲಾಗದ ಪ್ರತಿಯನ್ನು ಕೊಡಿ.

ನಿಮ್ಮ ಸರ್ ಹೇಳುವುದಕ್ಕೂ ಕಾರಣವಿದೆ. ಪೈಥಾನ್‌ನಲ್ಲಿ ಸಾದಾ ಫೀಲ್ಡನ್ನು ಮುಂದೆ ಪ್ರಾಪರ್ಟಿಯಾಗಿಸಿದರೂ (ಫೀಲ್ಡಿನಂತೆಯೇ ಬಳಸಿದರೂ ಒಳಗೆ ಮೆಥಡ್ ನಡೆಯುವ ವ್ಯವಸ್ಥೆ) ಅದನ್ನು ಬಳಸುವ ಕೋಡ್ ಬದಲಾಗಬೇಕಿಲ್ಲ. ಜಾವಾದಲ್ಲಿ ಆ ಅನುಕೂಲವಿಲ್ಲದ ಕಾರಣ ಮೊದಲೇ ಮೆಥಡ್ ಬರೆದಿಡುವ ರೂಢಿ ಬೆಳೆಯಿತು. ಆದರೆ 2021ರ ಜಾವಾ 16ರಲ್ಲಿ ಭಾಷೆಯ ಕಾಯಂ ಭಾಗವಾದ, ಮಾಹಿತಿ ಹಿಡಿದಿಡಲೆಂದೇ ಇರುವ ರೆಕಾರ್ಡ್‌ಗಳಿಗೆ ಸೆಟರ್‌ಗಳೇ ಇಲ್ಲ.

ಈಗ ಬರೆದಿರುವ ಸೆಟರ್‌ಗಳನ್ನೆಲ್ಲ ಒಮ್ಮೆ ಅಳಿಸಿ ಕಂಪೈಲ್ ಮಾಡಿ. ದೋಷ ಬಂದ ಪ್ರತಿ ಸಾಲಿನ ಮುಂದೆ, ಅಂಗಡಿಯಲ್ಲಿ ಆ ಹೊತ್ತಿಗೆ ನಡೆಯುವ ಕೆಲಸವೇನೆಂದು ತಂದೆಯವರನ್ನು ಕೇಳಿ ಬರೆದುಕೊಳ್ಳಿ; ನೀವು ಬರೆಯಬೇಕಾದ ಮೆಥಡ್‌ಗಳ ಹೆಸರು ಅಲ್ಲಿಯೇ ಸಿಗುತ್ತವೆ.